ಕೋಳಿಯನ್ನು ಕೇಳಿದರೆ

ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗುವುದು ನನಗೀಗ ರೂಢಿ. ಎದ್ದು ಮುಖ ತೊಳೆದು ಜಗಲಿಯ ಮೇಲೆ ಕೂರುವ ಹೊತ್ತಿಗೆ ಬೀದಿಗೆ ಹಾಲಿನವನೂ ಬಂದಿರುವುದಿಲ್ಲ. ಆಗ ಹಿಂದಿನ ಬೀದಿಯ ಯಾರದೋ ಮನೆಯ ಹುಂಜ ಕೂಗುತ್ತದೆ. ಮೂಡಲಲ್ಲಿ ಬೆಳಕಿನ ಒಂದು ಗೆರೆಯೂ ಕಂಡಿರುವುದಿಲ್ಲ, ಆದರೂ ಅದಕ್ಕೆ ಗೊತ್ತು.

ಹೇಗೆ ಗೊತ್ತು ಎಂಬುದನ್ನು ಜಪಾನಿನ ನಗೋಯ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಹುಂಜಗಳನ್ನು ಹಗಲಿರುಳೂ ಒಂದೇ ಸಮನಾದ ಮಂದ ಬೆಳಕಿನಲ್ಲಿ ಇಟ್ಟು ನೋಡಿದರು. ಸೂರ್ಯನಿಲ್ಲ, ಚಂದ್ರನಿಲ್ಲ. ಆದರೂ ಅವು ಸುಮಾರಾಗಿ ಒಂದು ದಿನಕ್ಕೊಮ್ಮೆ, ಇದು ಬೆಳಗು ಎಂದು ತಮಗೆ ತೋರಿದ ಹೊತ್ತಿಗೆ ಕೂಗಿದವು. ಹೊತ್ತು ಅವುಗಳ ಮೈಯೊಳಗೇ ಇತ್ತು. ಕೋಳಿ ಕೂಗಿದ್ದರಿಂದ ಬೆಳಗಾಯಿತೆಂದುಕೊಂಡ ಅಜ್ಜಿಯ ಕಥೆ ಹೇಳಿ ನಾವು ನಗುತ್ತೇವೆ. ಆದರೆ ಕೋಳಿಯ ಮಟ್ಟಿಗೆ ಬೆಳಗು ಮೊದಲು ಆಗುವುದು ಅದರ ಒಳಗೇ. ಆಕಾಶದಲ್ಲಿ ಆಗುವುದು ಆಮೇಲೆ.

ಈ ಮಾತು ಕೆಲವು ದಿನಗಳಿಂದ ನನ್ನ ಮನಸ್ಸಿನಲ್ಲೇ ಕೂತಿದೆ. ಕಳೆದ ಮಾಗಿಯಲ್ಲಿ ಅಕ್ಕನ ಊರಿಗೆ ಹೋಗಿ ಹತ್ತು ದಿನ ಇದ್ದು ಬಂದೆ, ಆವತ್ತಿನಿಂದ. ತುಮಕೂರಿನ ಕಡೆಯ ಹಳ್ಳಿ. ಅಕ್ಕನ ಮಗ ತೋಟದ ಅಂಚಿನಲ್ಲಿ ಕೋಳಿ ಫಾರಂ ಮಾಡಿದ್ದಾನೆ. ಎರಡು ಶೆಡ್ಡು, ಎಂಟು ಸಾವಿರ ಮೊಟ್ಟೆ ಕೋಳಿ. ಮೊದಲ ದಿನ ಬೆಳಗಿನ ಜಾವ ಎದ್ದು, ಇಷ್ಟು ಕೋಳಿಗಳ ಮಗ್ಗುಲಲ್ಲಿ ಎಂಥ ಕೂಗು ಕೇಳಬಹುದೆಂದು ಕಿವಿಗೊಟ್ಟು ಕೂತೆ. ಒಂದು ಹುಂಜವೂ ಕೂಗಲಿಲ್ಲ. ಮೊಟ್ಟೆ ಫಾರಮ್ಮಿಗೆ ಹುಂಜ ಬೇಕಿಲ್ಲ. ಹೇಂಟೆ ಹುಂಜವಿಲ್ಲದೆಯೇ ಮೊಟ್ಟೆ ಇಕ್ಕುತ್ತದೆ. ಆ ತಳಿಯ ಗಂಡು ಪಿಳ್ಳೆಗಳಲ್ಲಿ ಬಹುಪಾಲನ್ನು ಪ್ರಪಂಚದಾದ್ಯಂತ ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಬೇರೆ ಮಾಡಿ ಮುಗಿಸಿಬಿಡುತ್ತಾರೆ. ಜರ್ಮನಿ 2022ರ ಜನವರಿಯಿಂದ ಅದನ್ನು ನಿಷೇಧಿಸಿದೆ.

ನಾಲ್ಕು ಗಂಟೆಗೆ ಟೈಮರ್ ಟಿಕ್ಕೆಂದಿತು. ಶೆಡ್ಡಿನ ಉದ್ದಕ್ಕೂ ಬಲ್ಬುಗಳು ಒಟ್ಟಿಗೇ ಹತ್ತಿದವು. ಮೊಟ್ಟೆ ತಪ್ಪದೆ ಬರಬೇಕಾದರೆ ದಿನಕ್ಕೆ 16 ಗಂಟೆ ಬೆಳಕು ಬೇಕು. ಮಾಗಿಯ ಹಗಲು ಅಷ್ಟುದ್ದ ಇರುವುದಿಲ್ಲವಾದ್ದರಿಂದ ಕಡಿಮೆ ಬಿದ್ದದ್ದನ್ನು ಬಲ್ಬು ತುಂಬಿಕೊಡುತ್ತದೆ. ಬೆಳಗನ್ನು ಮೈಯೊಳಗೇ ಹೊತ್ತ ಹಕ್ಕಿಗೆ ನಾವು ಸ್ವಿಚ್ಚಿನ ಬೆಳಗು ಕೊಟ್ಟಿದ್ದೇವೆ. ಅದರ ಒಳಗೆ ಇನ್ನೂ ಏನೇನು ಇದ್ದೀತು ಎಂದು ಯೋಚಿಸುತ್ತ ಶೆಡ್ಡಿನ ಕಡೆ ನಡೆದೆ.

ಶೆಡ್ಡಿನ ಬಗ್ಗೆ ಹೇಳುವ ಮುಂಚೆ ಅಮ್ಮನ ಕೋಳಿಗೂಡಿನ ಬಗ್ಗೆ ಹೇಳಬೇಕು. ನಾನು ಅಳೆಯುತ್ತಿದ್ದ ಅಳತೆಕೋಲು ಅದೇ ಆಗಿತ್ತು.

ನಮ್ಮ ಹಿತ್ತಿಲಿನ ಗೋಡೆಗೆ ಒತ್ತಿಕೊಂಡು ಕಲ್ಲು ಮಣ್ಣಿನ ಒಂದು ಗೂಡು. ಬಾಗಿಲಿಗೆ ಒಂದು ಹಲಗೆ, ಹಲಗೆಗೆ ಆನಿಸಿದ ಒಂದು ಗುಂಡುಕಲ್ಲು. ಬೆಳಿಗ್ಗೆ ಕಲ್ಲು ಸರಿಸಿದರೆ ಹದಿನೈದು ಕೋಳಿ ಒಂದರ ಹಿಂದೊಂದು ಆಚೆ ಬಂದು ಮೊದಲು ರೆಕ್ಕೆ ಬಡಿಯುತ್ತಿದ್ದವು. ಆಮೇಲೆ ತಿಪ್ಪೆ. ಇಡೀ ಹಗಲು ಕೆದಕಿ, ಹೆಕ್ಕಿ, ಮಧ್ಯಾಹ್ನದ ಬಿಸಿಲಿಗೆ ಒಲೆಬೂದಿ ಸುರಿಯುವ ಗುಂಡಿಯಲ್ಲಿ ಮೈ ಹೊರಳಿಸಿ, ದೀಪ ಹಚ್ಚುವ ಹೊತ್ತಿಗೆ ಯಾರೂ ಕರೆಯದೆ ಗೂಡಿಗೆ ಬರುತ್ತಿದ್ದವು. ಒಂದೆರಡು ಮಾತ್ರ ಗೂಡಿಗೆ ಬೆನ್ನು ಹಾಕಿ ನುಗ್ಗೆ ಮರದ ಕೊಂಬೆ ಹತ್ತುತ್ತಿದ್ದವು. ಮೊಟ್ಟೆ ಇಕ್ಕುವ ಹೊತ್ತು ಬಂದ ಹೇಂಟೆ ರಾಗ ಎಳೆಯುತ್ತ ಮನೆಯೊಳಗೆ ನುಗ್ಗಿ ಮೂಲೆ ಮೂಲೆಯನ್ನೂ ಇಣುಕುತ್ತಿತ್ತು. 'ಜಾಗ ನೋಡ್ತಾ ಐತೆ, ಯಾರೂ ಅಡ್ಡ ಹೋಗ್ಬೇಡ್ರಿ' ಎನ್ನುತ್ತಿದ್ದಳು ಅಮ್ಮ. ಹುಲ್ಲು ಹಾಸಿದ ಮಂಕರಿಯೊಂದನ್ನು ಅವಳೇ ಇಟ್ಟಿದ್ದಳು. ಆದರೆ ಒಂದು ಕರಿ ಹೇಂಟೆಗೆ ಆ ಮಂಕರಿ ಒಪ್ಪಿಗೆಯಾಗಲೇ ಇಲ್ಲ. ಅಪ್ಪನ ಹಳೆಯ ಕಂಬಳಿ ಮಡಿಸಿಟ್ಟ ಕತ್ತಲ ಮೂಲೆಯೇ ಅದಕ್ಕೆ ಬೇಕು. ಮೂರು ದಿನ ಅಲ್ಲಿಂದ ಎತ್ತಿ ಮಂಕರಿಗೆ ಬಿಟ್ಟ ಅಮ್ಮ, ನಾಲ್ಕನೆಯ ದಿನ ಕಂಬಳಿಯನ್ನು ಕೋಳಿಗೇ ಬಿಟ್ಟುಕೊಟ್ಟಳು.

ಇದನ್ನು ನೆನೆದು ಕಣ್ಣು ತುಂಬಿಕೊಳ್ಳುವುದು ಸುಲಭ. ಆದರೆ ಅದೇ ಗೂಡಿನ ಇನ್ನೊಂದು ನೆನಪನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ. ಹದ್ದು ಪಿಳ್ಳೆಗಳನ್ನು ಎತ್ತಿಕೊಂಡು ಹೋಗುತ್ತಿತ್ತು. ಮುಂಗುಸಿ ಒಂದು ರಾತ್ರಿ ಗೂಡಿಗೆ ಕನ್ನ ಕೊರೆದಿತ್ತು. ಒಂದು ಬೇಸಗೆಯಲ್ಲಿ ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಹದಿಮೂರು ಕೋಳಿ ಸತ್ತವು. ಕತ್ತು ತಿರುಚಿಕೊಂಡು, ಬಾಯಿ ಬಿಟ್ಟು ಉಸಿರೆಳೆಯುತ್ತ ಅವು ಸತ್ತದ್ದನ್ನು ನಾನು ಕಂಡಿದ್ದೇನೆ. ಅಮ್ಮನ ಗೂಡಿನಲ್ಲಿ ಕೋಳಿಗೆ ಬದುಕಲು ಜಾಗವಿತ್ತು. ಬದುಕು ಉಳಿಯುತ್ತದೆಂಬ ಭರವಸೆ ಇರಲಿಲ್ಲ.

ಈಗ ಶೆಡ್ಡಿಗೆ ಬರುತ್ತೇನೆ.

ನೆಲದಿಂದ ಎತ್ತರದಲ್ಲಿ ಸಾಲು ಸಾಲು ತಂತಿ ಪಂಜರ, ಮೆಟ್ಟಿಲಿನಂತೆ ಮೇಲೊಂದು ಕೆಳಗೊಂದು. ತಳವೂ ತಂತಿಯದೇ, ಮುಂದಕ್ಕೆ ಸ್ವಲ್ಪ ಇಳಿಜಾರು. ಇಕ್ಕಿದ ಮೊಟ್ಟೆ ತಾನೇ ಉರುಳಿ ಮುಂದಿನ ದೋಣಿಗೆ ಬರುತ್ತದೆ. ಹಿಕ್ಕೆ ಕೆಳಗೆ ಬೀಳುತ್ತದೆ. ಮುಂದೆ ಮೇವಿನ ತೊಟ್ಟಿ, ಮೇಲೆ ನೀರಿನ ನಿಪ್ಪಲ್. ಒಂದು ಪಂಜರ 18 ಇಂಚು ಉದ್ದ, 15 ಇಂಚು ಆಳ, ಅದರಲ್ಲಿ ನಾಲ್ಕು ಕೋಳಿ. ಅಳತೆ ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದೊಂದರ ಪಾಲಿಗೆ ಸುಮಾರು 435 ಚದರ ಸೆಂಟಿಮೀಟರು. ನಾವು ಅರ್ಜಿ ಬರೆಯುವ ಎ4 ಹಾಳೆ ಇದಕ್ಕಿಂತ ದೊಡ್ಡದು, ಅದು ಸುಮಾರು 624 ಇದೆ. ಆ ಹಾಳೆಯನ್ನು ಮೂರು ಪಾಲು ಮಾಡಿ ಎರಡು ಪಾಲನ್ನು ಮಾತ್ರ ಉಳಿಸಿಕೊಂಡರೆ ಹೆಚ್ಚುಕಡಿಮೆ ಒಂದು ಕೋಳಿಯ ಮನೆ. ಹದಿನೆಂಟು ಇಪ್ಪತ್ತನೆಯ ವಾರಕ್ಕೆ ಅಲ್ಲಿಗೆ ಬಂದದ್ದು 72 ವಾರ ದಾಟುವ ತನಕ ಅಲ್ಲೇ.

ಬೆಳಗಿನ ಹೊತ್ತು ಮೊಟ್ಟೆಯ ಹೊತ್ತು. ಒಂದು ಹೇಂಟೆ ಕತ್ತು ನೀಳ ಮಾಡಿ, ಅಮ್ಮನ ಕೋಳಿ ಎಳೆಯುತ್ತಿದ್ದ ಅದೇ ರಾಗ ಎಳೆಯುತ್ತ ಉಳಿದ ಮೂರರ ನಡುವೆ ನುಗ್ಗುತ್ತಿತ್ತು. ಒಂದು ಹೆಜ್ಜೆಗೆ ತಂತಿ. ತಿರುಗಿ ಇನ್ನೊಂದು ಹೆಜ್ಜೆ, ಅಲ್ಲೂ ತಂತಿ. ಮತ್ತೆ ತಿರುಗಿತು. 'ಜಾಗ ನೋಡ್ತಾ ಐತೆ' ಎಂದು ನನ್ನ ಬಾಯಲ್ಲಿ ಬಂತು. ಅಳಿಯ ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ.

ಮಧ್ಯಾಹ್ನ ಕಂಡದ್ದು ಇದಕ್ಕಿಂತ ಹೆಚ್ಚು ಕಾಡಿತು. ಕೆಳಗಿನ ಸಾಲಿನ ಒಂದು ಬಿಳಿ ಕೋಳಿ ತಂತಿಯ ಮೇಲೆ ಕುಕ್ಕರಿಸಿತು. ಮೈಯನ್ನು ಒಂದು ಮಗ್ಗುಲಿಗೆ ವಾಲಿಸಿತು. ಇಲ್ಲದ ಮಣ್ಣನ್ನು ಕೊಕ್ಕಿನಿಂದ ಎದೆಯ ಕಡೆಗೆ ಎಳೆದುಕೊಂಡು, ಇಲ್ಲದ ದೂಳನ್ನು ರೆಕ್ಕೆಯಿಂದ ಮೈಮೇಲೆ ಎರಚಿಕೊಂಡಿತು. ಕಣ್ಣನ್ನು ಅರ್ಧ ಮುಚ್ಚಿತ್ತು. ಪಕ್ಕದ ಕೋಳಿ ಮೈಮೇಲೆ ತುಳಿದದ್ದರಿಂದ ಎದ್ದು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕುಕ್ಕರಿಸಿತು. ಇನ್‌ಕ್ಯುಬೇಟರಿನಲ್ಲಿ 21 ದಿನಕ್ಕೆ ಒಡೆದ ಮೊಟ್ಟೆಯ ಜೀವ ಅದು. ತಾಯಿಯನ್ನು ಕಂಡಿಲ್ಲ, ಬೂದಿಗುಂಡಿಯನ್ನು ಕಂಡಿಲ್ಲ. ಪಂಜರದ ಕೋಳಿಗಳು ಹೀಗೆ ಬರೀ ತಂತಿಯ ಮೇಲೆ ದೂಳುಸ್ನಾನದ ಚಲನೆಗಳನ್ನೆಲ್ಲ ಮಾಡುವುದನ್ನು ವಿಜ್ಞಾನಿಗಳು ಬಹಳ ಹಿಂದೆಯೇ ದಾಖಲಿಸಿದ್ದಾರೆ. ದೂಳನ್ನು ನಾವು ತೆಗೆದೆವು, ಅದರ ನೆನಪನ್ನು ತೆಗೆಯಲಾಗಲಿಲ್ಲ.

ಸಂಜೆ ಅಳಿಯನಿಗೆ ನನ್ನ ಸಂಕಟ ಹೇಳಿಕೊಂಡೆ. ಅವನು ಸಿಟ್ಟಾಗಲಿಲ್ಲ. 'ಮಾವ, ನೀವು ಅಜ್ಜಿ ಕೋಳಿ ಕಣ್ಮುಂದೆ ಇಟ್ಕೊಂಡು ನೋಡ್ತೀರ. ಅಜ್ಜಿ ಹತ್ರ ಇದ್ದದ್ದೆಷ್ಟು, ರೋಗ ಬಂದ ವರ್ಷ ಉಳಿದದ್ದೆಷ್ಟು, ನೀವೇ ಹೇಳಿ. ನಾನು ಒಂದೇ ದಿನಕ್ಕೆ ಎಂಟು ಸಾವಿರಕ್ಕೂ ನೀರಲ್ಲೇ ಲಸಿಕೆ ಕೊಡ್ತೀನಿ. ನೆಲಕ್ಕೆ ಬಿಟ್ರೆ ಹಿಕ್ಕೆ ತುಳಿದು ತಿಂದು ರಕ್ತಭೇದಿ ಅಂಟಿಸ್ಕೊಳ್ತವೆ. ಮೊಟ್ಟೆ ರೇಟು ನಾನು ಹಾಕೋದಲ್ಲ, ಬೆಳಿಗ್ಗೆ ಫೋನಿಗೆ ಬರುತ್ತೆ. ಜೋಳದ ರೇಟು, ಸೋಯಾ ರೇಟು, ಅದೂ ನಂದಲ್ಲ. ನನ್ನ ಕೈಲಿರೋದು ಒಂದೇ, ಒಂದು ಶೆಡ್ಡಲ್ಲಿ ಎಷ್ಟು ಕೋಳಿ ಅನ್ನೋದು' ಎಂದ.

ಅವನ ಮಾತಿನಲ್ಲಿ ತೂಕವಿತ್ತು. ಪಂಜರ ಯಾರ ಕ್ರೌರ್ಯದಿಂದಲೂ ಹುಟ್ಟಿದ್ದಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಶುರುವಾಗಿ, ಎರಡನೆಯ ಮಹಾಯುದ್ಧದ ನಂತರ ಎಲ್ಲ ಕಡೆ ಹಬ್ಬಿತು. ಹಿಕ್ಕೆಯಿಂದ ಕೋಳಿಯನ್ನು ದೂರ ಇಟ್ಟರೆ ಹೊಟ್ಟೆಯ ರೋಗ ಕಡಿಮೆ. ಮೊಟ್ಟೆ ಚೊಕ್ಕಟ, ಮೇವು ಪೋಲಾಗದು, ಆಳು ಕಡಿಮೆ ಸಾಕು. ಹೀಗೆ ಮೊಟ್ಟೆ ಬಡವರ ತಟ್ಟೆಗೂ ಬಂತು. 2021ರ ಕೊನೆಯಲ್ಲಿ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯಂಥ ಜಿಲ್ಲೆಗಳ ಶಾಲಾ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಸೇರಿ, ಆಮೇಲೆ ರಾಜ್ಯದ ಉಳಿದ ಕಡೆಗೂ ಬಂತು. ಹಸಿದ ಮಗುವಿನ ಕೈಯಲ್ಲಿರುವ ಮೊಟ್ಟೆಯನ್ನು ಕಿತ್ತುಕೊಳ್ಳುವ ಯಾವ ದಯೆಯೂ ನನಗೆ ಬೇಡ. ಆ ಮಗುವೂ ಇರಲಿ, ಈ ಕೋಳಿಯೂ ಇರಲಿ. ಇಬ್ಬರನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡೇ ಯೋಚಿಸಬೇಕು.

ನಮ್ಮಲ್ಲಿ ಒಂದು ಗಾದೆ ಇದೆ: ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಬಲವಿದ್ದವರು ಬಲವಿಲ್ಲದವರ ಅಭಿಪ್ರಾಯಕ್ಕೆ ಕಾಯುವುದಿಲ್ಲ ಎಂಬ ಲೋಕಜ್ಞಾನ ಅದರಲ್ಲಿದೆ. ಮಸಾಲೆಯ ಮಾತು ಇರಲಿ. ಆದರೆ ಮಸಾಲೆಯ ದಿನದ ಹಿಂದೆ ಎಪ್ಪತ್ತು ಎಂಬತ್ತು ವಾರಗಳ ಬದುಕಿದೆಯಲ್ಲ, ಆ ಬದುಕಿನ ಮನೆ ಹೇಗಿರಬೇಕೆಂದು ಕೋಳಿಯನ್ನು ಕೇಳಬಹುದಲ್ಲವೆ? ಆ ಪ್ರಶ್ನೆಯನ್ನು ನಿಜವಾಗಿಯೂ ಕೇಳಿದವರಿದ್ದಾರೆ.

1964ರಲ್ಲಿ ಇಂಗ್ಲೆಂಡಿನ ರೂತ್ ಹ್ಯಾರಿಸನ್ ಎಂಬ ಹೆಣ್ಣುಮಗಳು 'ಅನಿಮಲ್ ಮೆಷಿನ್ಸ್' ಎಂಬ ಪುಸ್ತಕ ಬರೆದರು. ಪರಿಸರ ಲೇಖಕಿ ರೇಚಲ್ ಕಾರ್ಸನ್ ಅದಕ್ಕೆ ಮುನ್ನುಡಿ ಕೊಟ್ಟರು. ಕೋಳಿ, ಹಂದಿ, ಕರುಗಳನ್ನು ಯಂತ್ರದಂತೆ ಸಾಕುವ ಬಗೆಯನ್ನು ಓದಿ ಜನ ತಲ್ಲಣಿಸಿದರು. ಸರ್ಕಾರ ಪ್ರೊಫೆಸರ್ ರೋಜರ್ಸ್ ಬ್ರಾಂಬೆಲ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. 1965ರಲ್ಲಿ ಸಮಿತಿ ಹೇಳಿದ್ದು ಇಷ್ಟೆ: ಸಾಕಿದ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ಒಪ್ಪ ಮಾಡಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು. ಇಷ್ಟನ್ನು ಹೇಳುವುದಕ್ಕೂ ಒಂದು ಸಮಿತಿ ಬೇಕಾಯಿತು.

ಅದೇ ಸಮಿತಿ ಇನ್ನೊಂದು ಮಾತನ್ನೂ ಹೇಳಿತ್ತು. ಸಣ್ಣ ಕಣ್ಣಿನ ತೆಳು ತಂತಿಬಲೆಯ ನೆಲ ಕೋಳಿಯ ಪಾದಕ್ಕೆ ಹಿಂಸೆ, ಅದನ್ನು ಬಳಸಬಾರದು ಎಂದು. ಕರುಣೆಯಿಂದಲೇ ಹೇಳಿದ್ದು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಸಂಶೋಧಕರು ಬೇರೆ ಬೇರೆ ತಂತಿಯ ನೆಲಗಳನ್ನು ಕೋಳಿಗಳ ಮುಂದಿಟ್ಟು ಯಾವುದು ಬೇಕೆಂದು ಅವನ್ನೇ ಬಿಟ್ಟು ನೋಡಿದರು. ಕೋಳಿಗಳು ಆರಿಸಿಕೊಂಡದ್ದು ಸಮಿತಿ ಬೇಡವೆಂದಿದ್ದ ಆ ಸಣ್ಣ ಕಣ್ಣಿನ ಬಲೆಯನ್ನೇ. ಅದರ ಮೇಲೆ ಪಾದ ಊರಲು ಹೆಚ್ಚು ಆಸರೆ ಸಿಗುತ್ತಿತ್ತು. ಈ ಸಣ್ಣ ಸಂಗತಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಕರುಣೆಯಿದ್ದರೆ ಸಾಲದು, ಕೇಳಬೇಕು. ನಮ್ಮ ಪಾದದ ಮೇಲೆ ಕೋಳಿಯನ್ನು ನಿಲ್ಲಿಸಿ ನೋಡಿದರೆ ಕೋಳಿಯ ನೋವು ಕಾಣುವುದಿಲ್ಲ. ಮಂಕರಿ ಇಟ್ಟ ಅಮ್ಮನ ಒಳ್ಳೆಯತನವೂ ಕಂಬಳಿ ಬಿಟ್ಟುಕೊಟ್ಟ ಮೇಲೆಯೇ ಪೂರ್ತಿಯಾಯಿತು.

ಆಕ್ಸ್‌ಫರ್ಡಿನ ಮರಿಯನ್ ಡಾಕಿನ್ಸ್ ಈ ಕೇಳುವ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ಒಂದು ಕಡೆ ಪಂಜರ, ಇನ್ನೊಂದು ಕಡೆ ಹುಲ್ಲಿನ ಅಂಗಳ. ಪಂಜರದಲ್ಲೇ ಬೆಳೆದ ಕೋಳಿಗಳು ಮೊದಲ ಸಲ ಪಂಜರವನ್ನೇ ಆರಿಸಿಕೊಂಡವು. ಗೊತ್ತಿದ್ದದ್ದು ಅದೊಂದೇ. ಕೆಲವು ಸಲ ಅಂಗಳವನ್ನು ತುಳಿದ ಮೇಲೆ ಅಂಗಳದ ಕಡೆಗೇ ತಿರುಗಿದವು. ಮುಂದೆ ಬೇರೆ ಸಂಶೋಧಕರು ತಮ್ಮ ಪ್ರಯೋಗಗಳಲ್ಲಿ, ಮೊಟ್ಟೆಯ ಹೊತ್ತು ಹತ್ತಿರವಾದ ಹೇಂಟೆ ಗೂಡು ಸೇರಲು ಭಾರದ ಬಾಗಿಲನ್ನು ಎದೆಗೊಟ್ಟು ತಳ್ಳುವುದನ್ನು ಕಂಡರು. ಹಸಿದಾಗ ಮೇವಿಗೆ ಪಡುವ ಶ್ರಮಕ್ಕಿಂತ ಅದು ಕಡಿಮೆಯದಲ್ಲ. 1989ರಲ್ಲಿ ಡಾಕಿನ್ಸ್ ಮತ್ತು ಹಾರ್ಡಿ ಕೋಳಿಯ ಒಂದೊಂದು ಚಲನೆಗೆ ಎಷ್ಟು ಜಾಗ ಬೇಕೆಂದು ಅಳೆದರು. ಸುಮ್ಮನೆ ನಿಲ್ಲಲು ಸರಾಸರಿ 475 ಚದರ ಸೆಂಟಿಮೀಟರು, ತಿರುಗಲು 1,272, ರೆಕ್ಕೆ ಬಡಿಯಲು 1,876. ಅವರು ಅಳೆದದ್ದು ಕಂದು ಕೋಳಿಗಳನ್ನು. ನಮ್ಮ ಶೆಡ್ಡಿನ ಬಿಳಿಯವು ಮೈಯಲ್ಲಿ ಸ್ವಲ್ಪ ಸಣ್ಣವು. ಆ ರಿಯಾಯಿತಿಯನ್ನು ಕೊಟ್ಟೇ ನೋಡಿದರೂ 435ರಲ್ಲಿ ನಿಲ್ಲುವುದಕ್ಕಿಂತ ಹೆಚ್ಚಿನದೇನೂ ಮಿಗುವುದಿಲ್ಲ. ಗೂಡಿನ ಕಲ್ಲು ಸರಿಸಿದೊಡನೆ ನಮ್ಮ ಹಿತ್ತಿಲಿನ ಕೋಳಿಗಳು ಮೊದಲು ಮಾಡುತ್ತಿದ್ದ ಕೆಲಸ, ಆ ರೆಕ್ಕೆ ಬಡಿತ, ಶೆಡ್ಡಿನ ಕೋಳಿಗೆ ವರ್ಷದುದ್ದಕ್ಕೂ ಇಲ್ಲ.

ಇದೆಲ್ಲ ಎಲ್ಲಿಂದ ಬಂತು ಎಂದರೆ ಕಾಡಿನಿಂದ. ಕೋಳಿಯ ಮೂಲ ಪೂರ್ವಜ ಕೆಂಪು ಕಾಡುಕೋಳಿ. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ಊರಕೋಳಿಯ ಹಳದಿ ಕಾಲಿನ ಗುಟ್ಟು ಹುಡುಕುತ್ತ ಹೋಗಿ, ಆ ಹಳದಿಯ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು ಕಂಡರು. ಬೂದು ಕಾಡುಕೋಳಿ ನಮ್ಮ ಪಶ್ಚಿಮ ಘಟ್ಟದ ಹಕ್ಕಿ, ಮಲೆನಾಡಿನ ಬೆಳಗಿನಲ್ಲಿ ಇಂದಿಗೂ ಕೂಗುವುದು. ಜಗತ್ತಿನ ಯಾವ ಮೂಲೆಯ ಶೆಡ್ಡಿಗೆ ಹೋದರೂ ಹಳದಿ ಕಾಲಿನ ಕೋಳಿ ಕಂಡರೆ ಅದರ ಮೈಯಲ್ಲಿ ನಮ್ಮ ದೇಶದ ಕಾಡಿನ ಒಂದು ಅಂಶ ನಿಂತಿದೆ ಎಂದರ್ಥ. ಕಾಡುಕೋಳಿ ಇಡೀ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ಫಾರಂ ಕೋಳಿ 300 ದಾಟುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು ಎರಡು ಗ್ರಾಂ ಸುಣ್ಣದ ಸತ್ವ ಹೋಗಬೇಕು. ಮೇವಿನಲ್ಲಿ ಸಾಲದೆ ಬಂದದ್ದು ಮೂಳೆಯಿಂದ ಹೋಗುತ್ತದೆ. ಮೊಟ್ಟೆಯ ಲೆಕ್ಕವನ್ನು ನಾವು ಇಪ್ಪತ್ತು ಮೂವತ್ತು ಪಟ್ಟು ಬದಲಿಸಿದೆವು. ಜಾಗ ಹುಡುಕುವ, ದೂಳಾಡುವ, ಸಂಜೆಗೆ ಎತ್ತರ ಏರುವ ಆಸೆಗಳು ಮಾತ್ರ ಕಾಡಿನಲ್ಲಿದ್ದ ಹಾಗೆಯೇ ಉಳಿದವು. ಹುಂಜದ ಒಳಗೆ ಬೆಳಗು ಇರುವ ಹಾಗೆ ಹೇಂಟೆಯ ಒಳಗೆ ಒಂದು ಮನೆ ಇದೆ. ಹೊರಗಿನ ಮನೆಯಲ್ಲಿ ಅದಕ್ಕೆ ಎಡೆಯೇ ಇಲ್ಲದಿದ್ದಾಗ ಜೀವ ತಂತಿಯ ಮೇಲೆ ಹೊರಳುತ್ತದೆ.

ಕೋಳಿಯ ಹಿಂಸೆಯ ಬಗ್ಗೆ ಕನ್ನಡ ಬಹಳ ಹಿಂದೆಯೇ ಯೋಚಿಸಿದೆ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ಅರಸ ಯಶೋಧರ ನಿಜವಾದ ಪ್ರಾಣಿಯನ್ನು ಕೊಲ್ಲಲೊಲ್ಲದೆ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಕತ್ತಿ ತಾಗಿದಾಗ ಹಿಟ್ಟಿನ ಹುಂಜ ಕೂಗುತ್ತದೆ. ಕೊಲ್ಲುವ ಸಂಕಲ್ಪವೇ ಕೊಲೆಯೆಂದು ಕವಿ ನಂಬುತ್ತಾನೆ. ತಾಯಿ ಮಗ ಇಬ್ಬರೂ ಹಲವು ಪ್ರಾಣಿಜನ್ಮಗಳನ್ನು ಸುತ್ತಿ, ಕಡೆಗೆ ಪಂಜರದಲ್ಲಿ ಒಂದು ಜೋಡಿ ಕೋಳಿಗಳಾಗುತ್ತಾರೆ. ಪಂಜರದೊಳಗಿಂದಲೇ ಧರ್ಮದ ಮಾತು ಕೇಳಿ ಹಿಂದಿನದೆಲ್ಲ ನೆನಪಾಗಿ ಕೂಗುತ್ತಾರೆ.

ಜನ್ನನ ಕಾಲದ ಭಯ ಕೊಲೆಯಿಲ್ಲದ ಸಂಕಲ್ಪದ್ದು. ನಮ್ಮ ಕಾಲಕ್ಕೆ ಬಂದಿರುವುದು ಸಂಕಲ್ಪವಿಲ್ಲದ ಹಿಂಸೆ. ಅಳಿಯನ ಮನಸ್ಸಿನಲ್ಲಿ ಕೋಳಿಗೆ ನೋವಾಗಲಿ ಎಂಬುದು ಎಳ್ಳಷ್ಟೂ ಇಲ್ಲ. ಸತ್ತ ಕೋಳಿಯನ್ನು ಎತ್ತಿ ಹಾಕುವಾಗ ಅವನ ಮುಖ ಬಾಡುವುದನ್ನು ನೋಡಿದ್ದೇನೆ. ಪಂಜರ ಮಾಡಿದ ವೆಲ್ಡರನಿಗೆ, ಮೊಟ್ಟೆ ಸಾಗಿಸುವ ಡ್ರೈವರನಿಗೆ, ಅಂಗಡಿಯವನಿಗೆ, ಟ್ರೇಯಿಂದ ಆರು ಮೊಟ್ಟೆ ಆರಿಸುವ ನನಗೆ, ಯಾರಿಗೂ ಇಲ್ಲ. ಎಲ್ಲರ ಕೈಯೂ ತೊಳೆದಂತಿದೆ. ಆದರೂ ಆ ಹೇಂಟೆ ಸರಾಗವಾಗಿ ತಿರುಗಲಾರದು. ಯಾರೂ ಬಯಸದೆ ನಡೆದದ್ದು ಯಾರೂ ಬಯಸದಿದ್ದರೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ಒಂದು ಸಂಕಲ್ಪವೇ ಬೇಕಾಗುತ್ತದೆ.

ಅಂಥ ಸಂಕಲ್ಪಗಳು ಅಲ್ಲಲ್ಲಿ ಆಗಿವೆ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಪ್ರಾಣಿ ಅಲುಗಾಡಲು ತಕ್ಕಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲಿ ಅದನ್ನು ಕೂಡಿಹಾಕುವುದು ತಪ್ಪೆಂದು ಅದರ 11ನೇ ಸೆಕ್ಷನ್ನಿನಲ್ಲೇ ಇದೆ. ಹಸಿವು, ಅನನುಕೂಲ, ನೋವು, ಭಯಗಳಿಂದ ಬಿಡುಗಡೆ ಮತ್ತು ತನ್ನ ಸಹಜ ನಡೆಯನ್ನು ನಡೆಯುವ ಬಿಡುಗಡೆ, ಹೀಗೆ ಬ್ರಾಂಬೆಲ್ ವರದಿಯಿಂದ ಬೆಳೆದು ಬಂದ ಐದು ಸ್ವಾತಂತ್ರ್ಯಗಳನ್ನು ನಮ್ಮ ಸುಪ್ರೀಂ ಕೋರ್ಟು 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಮೊಟ್ಟೆ ಕೋಳಿ, ಮಾಂಸದ ಕೋಳಿಗಳ ಸಾಕಣೆ ಸಾಗಣೆಗೇ ಮೀಸಲಿಟ್ಟು ಕರಡು ನಿಯಮಗಳನ್ನು ಬರೆದುಕೊಟ್ಟಿತು. ಐರೋಪ್ಯ ಒಕ್ಕೂಟ 1999ರಲ್ಲಿ ನಿರ್ಧರಿಸಿ, ರೈತರಿಗೆ ಹನ್ನೆರಡು ವರ್ಷಗಳ ಅವಕಾಶ ಕೊಟ್ಟು, 2012ರ ಜನವರಿ 1ರಿಂದ ಬರಿಯ ತಂತಿ ಪಂಜರವನ್ನು ನಿಲ್ಲಿಸಿತು. ಪಂಜರವೇ ಇರುವುದಾದರೂ ಕೋಳಿಗೆ 750 ಚದರ ಸೆಂಟಿಮೀಟರು, ಒಂದು ಗೂಡು, ಕೂರಲು ಒಂದು ಅಡ್ಡಕೋಲು, ಕೆದಕಲು ಒಂದಿಷ್ಟು ಹಾಸು ಬೇಕೆಂದಿತು.

ಪಂಜರ ಹೋದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ಹೇಳಿದರೆ ಅದೂ ಕೋಳಿಯನ್ನು ಕೇಳದೆ ಹೇಳಿದ ಮಾತಾಗುತ್ತದೆ. ಸಾವಿರಾರು ಕೋಳಿಗಳನ್ನು ಒಂದೇ ಕೊಟ್ಟಿಗೆಯಲ್ಲಿ ಬಿಟ್ಟರೆ ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ. ಎತ್ತರದ ಕೋಲಿನಿಂದ ಹಾರಿಳಿಯುವಾಗ ಮೊದಲೇ ಸೊರಗಿದ ಎದೆಮೂಳೆ ಮುರಿಯುತ್ತದೆ. ಬಯಲಿಗೆ ಬಿಟ್ಟರೆ ಹದ್ದು, ಹುಳ, ಕಾಡುಹಕ್ಕಿಗಳಿಂದ ಬರುವ ಹಕ್ಕಿಜ್ವರ. ಮಾಂಸದ ಕೋಳಿಗೆ ಪಂಜರವೇ ಇಲ್ಲ. ಭತ್ತದ ಹೊಟ್ಟಿನ ಮೇಲೆ ಬೆಳೆಯುತ್ತದೆ. ಆದರೆ ನಲವತ್ತು ದಿನಕ್ಕೆ ಎರಡು ಕೆಜಿ ದಾಟುವ ಮೈಯನ್ನು ಎಳೆಯ ಕಾಲು ಹೊರಲಾರದೆ, ಕಡೆಯ ವಾರ ಹೆಚ್ಚು ಹೊತ್ತು ಕೂತೇ ಕಳೆಯುತ್ತದೆ. ಹೊಟ್ಟು ಒದ್ದೆಯಾದರೆ ಅಮೋನಿಯಾ ಏಳುತ್ತದೆ. ನಿಂತ ಮನುಷ್ಯನ ಮೂಗಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಬಗ್ಗಿ, ಕೋಳಿಯ ತಲೆಯ ಎತ್ತರಕ್ಕೆ ಮುಖ ತಂದು ಉಸಿರೆಳೆದರೆ ಕಣ್ಣು ಉರಿಯುತ್ತದೆ. ಯಾವ ಶೆಡ್ಡಿಗೆ ಹೋದರೂ ಒಮ್ಮೆ ಹಾಗೆ ಬಗ್ಗಿ ನೋಡಬೇಕೆಂದು ನನಗೆ ಅನಿಸುತ್ತದೆ. ಕೇಳುವುದೆಂದರೆ ಮೊದಲು ಅದೇ.

ಹಾಗೆ ಬಗ್ಗಿದವರಿಗೆ ಕೆಲಸ ತಾನೇ ಕಾಣುತ್ತದೆ. ಪಂಜರಕ್ಕೆ ಒಂದು ಕೋಳಿ ಕಡಿಮೆ. ಒಂದು ಅಡ್ಡಕೋಲು, ಒಂದು ಮರೆ. ಹೊಟ್ಟನ್ನು ದಿನಾ ಕೆದಕಿ ಒಣಗಿಸುವ ಒಂದಿಷ್ಟು ಹೊತ್ತು. ಕೋಳಿಗೆ ಬೆವರಿಲ್ಲ, ಏದುಸಿರು ಬಿಟ್ಟು, ರೆಕ್ಕೆಯನ್ನು ಮೈಯಿಂದ ಬಿಡಿಸಿ ಹಿಡಿದು ತಣ್ಣಗಾಗಬೇಕು. ಹಾಗಾಗಿ ಬೇಸಗೆಯಲ್ಲಿ ಜಾಗವೇ ಔಷಧಿ. ಹಿತ್ತಿಲಿಗೆ ಹೊಂದುವ ತಳಿಗಳೂ ನಮ್ಮಲ್ಲಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಗಿರಿರಾಜ ಈಗ ಎಷ್ಟೋ ಹಳ್ಳಿಗಳ ಅಂಗಳದಲ್ಲಿ ಕೆದಕುತ್ತಿದೆ. ಖರ್ಚು ಹೆಚ್ಚುತ್ತದೆ, ಹೌದು. ಆ ಖರ್ಚನ್ನು ಅಳಿಯನ ಹೆಗಲಿಗೇ ಹೊರಿಸಿ ನಾವು ದಯಾವಂತರಾಗಲು ಬರುವುದಿಲ್ಲ. ಕೊಳ್ಳುವವರು ಸ್ವಲ್ಪ, ಸರ್ಕಾರ ಸ್ವಲ್ಪ, ಸಾಕುವವನು ಸ್ವಲ್ಪ ಹಂಚಿಕೊಳ್ಳಬೇಕು.

ನಾನಿದ್ದ ಆ ಹತ್ತು ದಿನಗಳಲ್ಲೇ ಒಂದು ಶೆಡ್ಡಿನ ಕೋಳಿಗಳ ಅವಧಿ ಮುಗಿದು ಗಾಡಿ ಬಂತು. ಅಕ್ಕ ಎರಡು ಕೋಳಿಯನ್ನು ಮನೆಗೆ ತರಿಸಿಕೊಂಡಳು. ಗರಿ ಉದುರಿ ಕತ್ತು ಬೋಳಾಗಿತ್ತು, ಕೊಕ್ಕಿನ ತುದಿ ಮೊಂಡಾಗಿತ್ತು. ಅಂಗಳದಲ್ಲಿ ಬಿಟ್ಟರೆ ಬಿಟ್ಟಲ್ಲೇ ನಿಂತವು. ಅಷ್ಟು ದೊಡ್ಡ ಅಂಗಳದಲ್ಲಿ ಎರಡೂ ಒಂದಕ್ಕೊಂದು ಒತ್ತಿಕೊಂಡು, ಸುತ್ತ ತಂತಿ ಇರುವ ಹಾಗೆಯೇ ನಿಂತಿದ್ದವು. ಅವುಗಳಿಗೆ ಗೊತ್ತಿದ್ದ ಜಾಗ ಅಷ್ಟೆ. ರಾಗಿ ಎರಚಿದರೂ ಕಾಲಿನಿಂದ ಕೆದಕಲಿಲ್ಲ. ರಾತ್ರಿ ಅಕ್ಕನೇ ಎತ್ತಿ ಮಂಕರಿ ಕವುಚಿದಳು. ಎರಡನೆಯ ದಿನ ಒಂದು ನಾಲ್ಕು ಹೆಜ್ಜೆ ನಡೆಯಿತು. ಇನ್ನೊಂದು ಅದರ ಹಿಂದೆ ಹೋಯಿತು.

ಮೂರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ನಾನೂ ಅಳಿಯನೂ ಜಗಲಿಯ ಮೇಲೆ ಕೂತಿದ್ದೆವು. ಆ ಎರಡರಲ್ಲೊಂದು ನೀರೊಲೆಯ ಬೂದಿ ಸುರಿದಿದ್ದ ಗುಂಡಿಯ ಅಂಚಿಗೆ ಬಂತು. ಕೊಕ್ಕಿನಿಂದ ಒಮ್ಮೆ ಮುಟ್ಟಿತು. ಒಂದು ಕಾಲು ಇಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ಆಮೇಲೆ ಕುಕ್ಕರಿಸಿ, ಮೈಯನ್ನು ಒಂದು ಮಗ್ಗುಲಿಗೆ ವಾಲಿಸಿ, ಬೂದಿಯನ್ನು ಎದೆಗೆ ಎಳೆದುಕೊಂಡು ರೆಕ್ಕೆಯಿಂದ ಎರಚಿಕೊಳ್ಳತೊಡಗಿತು. ಶೆಡ್ಡಿನಲ್ಲಿ ಕಂಡಿದ್ದ ಅದೇ ಚಲನೆ, ಅದೇ ಕ್ರಮ. ಆದರೆ ಈ ಸಲ ದೂಳು ನಿಜವಾಗಿ ಎದ್ದಿತು. ಬಿಸಿಲಿನಲ್ಲಿ ಆ ಬೂದಿ ಅದರ ಬೋಳು ಕತ್ತಿನ ಮೇಲೆ ಮೆಲ್ಲಗೆ ಇಳಿಯಿತು. ಅರ್ಧ ಗಂಟೆ ಹಾಗೆಯೇ ಬಿದ್ದುಕೊಂಡಿತ್ತು.

ಅಕ್ಕ ಒಳಗಿನಿಂದ ಬಂದು ನೋಡಿದಳು. 'ಇದಕ್ಕೆ ಯಾರು ಹೇಳಿಕೊಟ್ರೋ!' ಎಂದಳು.

ಅಳಿಯ ಮಾತಾಡಲಿಲ್ಲ. ಕೋಳಿ ಎದ್ದು ಮೈ ಕೊಡವಿ, ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ಪಟಪಟನೆ ಬಡಿಯುವವರೆಗೂ ಅದನ್ನೇ ನೋಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದ: 'ಮಾವ, ಮುಂದಿನ ಬ್ಯಾಚಿಗೆ ಒಂದು ಶೆಡ್ಡಲ್ಲಿ ನಾಲ್ಕರ ಬದಲು ಮೂರು ಹಾಕಿ ನೋಡ್ತೀನಿ. ಲೆಕ್ಕ ಹೆಂಗೆ ಬರುತ್ತೋ ನೋಡಣ.' ಮೂರಾದರೆ ಒಂದಕ್ಕೆ 580. ಐರೋಪ್ಯರ ಅಳತೆಗೂ ಬರುವುದಿಲ್ಲ, ನಮ್ಮ ಅರ್ಜಿಯ ಹಾಳೆಗೂ ಬರುವುದಿಲ್ಲ. ಆದರೂ ಅಷ್ಟರಲ್ಲಿ ಒಂದು ಕೋಳಿ ಕೊಂಚ ಸರಾಗವಾಗಿ ತಿರುಗೀತು. ಅವನ ಸಾಲದ ಕಂತುಗಳ ಲೆಕ್ಕ ಗೊತ್ತಿದ್ದ ನಾನು ಆ ಮಾತನ್ನು ಸಣ್ಣದೆಂದು ಎಣಿಸಲಿಲ್ಲ.

ಹಿಂದಿನ ಬೀದಿಯ ಹುಂಜ ಈಗ ಎರಡನೆಯ ಸಲ ಕೂಗಿತು. ಮೂಡಲು ಇನ್ನೂ ಕಪ್ಪಾಗಿಯೇ ಇದೆ. ಅಕ್ಕನ ಅಂಗಳದಲ್ಲಿ ಈ ಹೊತ್ತಿಗೆ ಎರಡು ಕೋಳಿಗಳು ಮಂಕರಿಯೊಳಗೆ ಕದಲುತ್ತ, ಯಾರಾದರೂ ಬಂದು ಮಂಕರಿ ಎತ್ತಲಿ ಎಂದು ಕಾಯುತ್ತಿರಬೇಕು.